ಬೇಡಕ್ಕ ಹೇಳಿದ ಸುಳ್ಳು

ಬೇಡಕ್ಕ ಎನ್ನುವ ಹೆಸರನ್ನು ಅವಳಿಗೆ ಇಟ್ಟವನು ಹಾಲಿನ ಲಾರಿಯ ಡ್ರೈವರು. ಅವಳು ಮದುವೆಯಾಗಿ ಗಂಡನ ಹಸುಗಳ ಫಾರ್ಮಿಗೆ ಬಂದ ಹೊಸತು. ಒಂದು ಬೆಳಿಗ್ಗೆ ಅವನು ಲಾರಿಯನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ ಹೊಸ ಸೊಸೆ ಗೇಟಿನ ಬಳಿ ನಿಂತು "ಬೇಡ, ಬೇಡ, ಬೇಡ" ಎಂದು ಎರಡೂ ಕೈ ಬೀಸಿದಳು. ಡ್ರೈವರು ಗಾಬರಿಬಿದ್ದು ಬ್ರೇಕ್ ಒತ್ತಿ ಇಳಿದು ನೋಡಿದರೆ ಚಕ್ರದ ಹಿಂದೆ ಏನೂ ಇಲ್ಲ. ಆಚೆ ದೂರದಲ್ಲಿ ಒಂದು ಕೋಳಿ ಮಣ್ಣು ಕೆದಕುತ್ತಿತ್ತು. "ಅಲ್ಲಮ್ಮ, ಆ ಕೋಳಿ ಇಲ್ಲಿಗೆ ನಡ್ಕೊಂಡು ಬರೋ ಹೊತ್ತಿಗೆ ನಾನು ಪೇಟೆ ಸೇರಿ ಕಾಫಿ ಕುಡಿದಿರ್ತೀನಲ್ಲಮ್ಮ" ಎಂದ. ಅಂದಿನಿಂದ ಅವಳು ಬೇಡಕ್ಕ. ಹೆತ್ತವರು ಇಟ್ಟ ಹೆಸರು ಯಾವುದೋ ಪೆಟ್ಟಿಗೆಯ ತಳ ಸೇರಿತು.

ಅವಳ ಹೆದರಿಕೆಗೆ ಕಾರಣ ಏನೆಂದು ಕೇಳಬೇಡಿ. ಬಾಲ್ಯದಲ್ಲಿ ಬಾವಿಗೆ ಬಿದ್ದಿರಲಿಲ್ಲ, ನಾಯಿ ಕಚ್ಚಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಕೆಲವರಿಗೆ ಎತ್ತರ ಬರುತ್ತದೆ, ಕೆಲವರಿಗೆ ಒಳ್ಳೆಯ ಕಂಠ ಬರುತ್ತದೆ, ಅವಳಿಗೆ ಭಯ ಬಂದಿತ್ತು, ಅಷ್ಟೇ. ಗ್ಯಾಸ್ ಒಲೆ ಹಚ್ಚುವಾಗ ಕಡ್ಡಿಯನ್ನು ಮಾರು ದೂರದಿಂದ ಚಾಚುತ್ತಿದ್ದಳು. ಗುಡುಗಿದರೆ ಕನ್ನಡಿಗೆ ಬಟ್ಟೆ ಮುಚ್ಚುತ್ತಿದ್ದಳು. ಗಂಡ ತಗಡಿನ ಮಾಡು ಹತ್ತಿದರೆ ಕೆಳಗೆ ನಿಂತು ಅವನು ಇಳಿಯುವವರೆಗೂ "ಬೇಡ" ಎನ್ನುತ್ತಿದ್ದಳು. ಅವನು ಅದನ್ನು ರೇಡಿಯೊ ಕೇಳಿದಂತೆ ಕೇಳುತ್ತ ಮೊಳೆ ಹೊಡೆಯುತ್ತಿದ್ದ. ಒಂದು ಲಾಭವೂ ಇತ್ತೆನ್ನಿ. ಹಸುವಿನ ಬಳಿಗೂ ಅವಳು ಹೆದರಿ ಹೆದರಿ, ಮೆಲ್ಲಗೆ, ಮೊದಲು ದನಿ ಕೊಟ್ಟೇ ಹೋಗುತ್ತಿದ್ದುದರಿಂದ ಹಸುಗಳಿಗೆ ಅವಳೆಂದರೆ ಬಲು ಇಷ್ಟ. ಒದೆಯುವ ಹಸು ಕೆಂಪಿಯೂ ಅವಳ ಕೈಗೆ ಹಾಲು ಬಿಡುತ್ತಿತ್ತು.

ಗಂಡನನ್ನು ಎಲ್ಲರೂ ಹಾಲಣ್ಣ ಎನ್ನುತ್ತಿದ್ದರು. ಅವನಿಗೆ ಭಯವೆಂಬುದು ಗೊತ್ತೇ ಇರಲಿಲ್ಲ. ಇಬ್ಬರ ಪಾಲನ್ನೂ ಹೆಂಡತಿಯೇ ತೆಗೆದುಕೊಂಡಿದ್ದಾಳೆ ಎಂದು ಅವನೇ ನಗಾಡುತ್ತಿದ್ದ. ಆಡಿದ ಮಾತು ಮುಗಿಯುವುದರೊಳಗೆ ಕೆಲಸಕ್ಕೆ ಕೈ ಹಾಕುವ ಆಸಾಮಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ತಾಯಿ ಬೈದರೆ, ಬುದ್ಧಿವಂತರ ಕೆಲಸ ಇನ್ನೂ ಶುರುವಾಗಿಲ್ಲ ನೋಡು ಎಂದು ಉತ್ತರ ಕೊಡುತ್ತಿದ್ದ. ಯಾರ ಮಾತಿಗೂ ನಿಲ್ಲದ ಅವನು ನಿಲ್ಲುತ್ತಿದ್ದದ್ದು ಹಸುವಿನ ವಿಷಯ ಬಂದಾಗ ಮಾತ್ರ. ಉಣ್ಣುವ ತಟ್ಟೆ ಮುಂದಿದ್ದರೂ ಕೊಟ್ಟಿಗೆಯಿಂದ ಒಂದು ಕೂಗು ಬಂದರೆ ಎಂಜಲು ಕೈಯಲ್ಲೇ ಓಡುತ್ತಿದ್ದ.

ಇಂಥವನ ಎದೆಗೆ ಕಾಯಿಲೆ ಬಂತು. ಬೂಷ್ಟು ಹಿಡಿದ ಒಣಹುಲ್ಲಿನ ಧೂಳನ್ನು ವರ್ಷಾನುಗಟ್ಟಲೆ ಉಸಿರಾಡಿದ್ದರ ಫಲ ಎಂದರು ಡಾಕ್ಟರು. ಒಮ್ಮೆ ಉಸಿರು ಸಿಕ್ಕದೆ ತುಟಿ ನೀಲಿಯಾಗಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಯಿತು. ಬದುಕಿ ಬಂದ. ಮನೆಗೆ ಕಳಿಸುವಾಗ ಡಾಕ್ಟರು ಬೇಡಕ್ಕನನ್ನು ಪಕ್ಕಕ್ಕೆ ಕರೆದರು. "ನೋಡಿಮ್ಮ, ಇವರ ಶ್ವಾಸಕೋಶ ಹಳೇ ಸೈಕಲ್ ಟ್ಯೂಬಿನ ಹಾಗಾಗಿದೆ. ತೇಪೆ ಹಾಕಿ ಹಾಕಿ ಇನ್ನು ಹಾಕೋಕೆ ಜಾಗ ಇಲ್ಲ. ಹೊಗೆ, ಧೂಳು, ಘಾಟು, ಇನ್ನೊಂದು ದೊಡ್ಡ ಪೆಟ್ಟು ಬಿದ್ರೆ ನನ್ನ ಕೈಲಿ ಏನೂ ಇಲ್ಲ." ಅಲ್ಲಿಯವರೆಗೆ ನೂರು ಕಡೆ ಹಂಚಿಹೋಗಿದ್ದ ಅವಳ ಭಯವೆಲ್ಲ ಆ ಹೊತ್ತಿನಿಂದ ಅವನ ಎದೆಯ ಮೇಲೆ ಬಂದು ಕುಳಿತಿತು. ಅವನು ಕೆಮ್ಮಿದರೆ ಇವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಅವನ ತುಟಿಯ ಬಣ್ಣ ನೋಡುತ್ತಿದ್ದಳು.

ಅವಳಿಗೆ ಹಾಲಿನ ಕೆಲಸ ಕಲಿಸಿದವಳು ಅತ್ತೆ. ಕಟ್ಟುನಿಟ್ಟಿನ ಹೆಂಗಸು. ಹಾಲುಕೋಣೆಯಲ್ಲಿ ಅವಳದು ಒಂದೇ ಶಾಸನ: ಎರಡು ಅರ್ಧ ಕ್ಯಾನು ಅಕ್ಕಪಕ್ಕ ನಿಲ್ಲಬಾರದು. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ದಾರಿಯುದ್ದಕ್ಕೂ ಕುಲುಕಿ ಬೆಣ್ಣೆ ಕಟ್ಟುತ್ತದೆ, ಲಾರಿಯಲ್ಲಿ ಜಾಗವೂ ದಂಡ. ಒಂದನ್ನು ಇನ್ನೊಂದಕ್ಕೆ ಸುರಿದು ತುಂಬಿಸು, ಖಾಲಿಯಾದದ್ದನ್ನು ತೊಳೆದು ಬೋರಲು ಹಾಕು. ಸೊಸೆ ಮರೆತರೆ ಅತ್ತೆ ಮಾತಾಡುತ್ತಿರಲಿಲ್ಲ, ಬಂದು ತಾನೇ ಸುರಿದು ಕ್ಯಾನನ್ನು ಠಣ್ಣೆಂದು ನೆಲಕ್ಕೆ ಇಡುತ್ತಿದ್ದಳು. ಆ ಠಣ್ ಕೇಳಿ ಕೇಳಿ ಬೇಡಕ್ಕನ ಕೈಗೆ ಪಾಠ ಕೂತುಬಿಟ್ಟಿತು. ತಲೆ ಎಲ್ಲೇ ಇರಲಿ, ಅರ್ಧ ಕ್ಯಾನು ಎರಡು ಕಂಡರೆ ಕೈ ತಾನಾಗಿ ಮುಚ್ಚಳ ತಿರುಗಿಸುತ್ತಿತ್ತು. ಹಾಲಣ್ಣನದೂ ಅದೇ ಕೈ. ಅವನು ಅದೇ ತಾಯಿಯ ಮಗನಲ್ಲವೇ?

ಅತ್ತೆ ತೀರಿಕೊಂಡು, ಮೇಲೆ ರಸ್ತೆಯ ಪಕ್ಕದಲ್ಲಿ ಹೊಸ ಹಾಲುಕೋಣೆ ಎದ್ದು, ಹಾಲು ಕರೆಯುವ ಮೆಷಿನ್ನು ಬಂದ ಮೇಲೆ ಇಳಿಜಾರಿನ ಕೆಳತುದಿಯ ಹಳೆಯ ಹಾಲುಕೋಣೆಗೆ ಬೀಗ ಬಿತ್ತು. ಈ ವರ್ಷ ಕರುಗಳು ಹೆಚ್ಚಾದವು. ಹಾಲಣ್ಣ ಒಂದು ದಿನ ಸುತ್ತಿಗೆ ಹಿಡಿದು ಹೋಗಿ ತುಕ್ಕು ಹಿಡಿದ ಬೀಗ ಒಡೆದ, ಅದನ್ನೇ ಕರುಗಳ ಮನೆ ಮಾಡೋಣವೆಂದು. ಹಿಂದೆಯೇ ಬೇಡಕ್ಕ ಬಂದಳು, ಒಳಗೆ ಹಾವಿದ್ದರೆ ಎಂದು.

ಹಾವಿರಲಿಲ್ಲ. ಮೂಲೆಯಲ್ಲಿ ಪ್ಲಾಸ್ಟಿಕ್ ಕ್ಯಾನುಗಳ ಒಂದು ಗುಂಪು ನಿಂತಿತ್ತು, ಕತ್ತಲೆಯಲ್ಲಿ ಕುಳಿತು ಏನೋ ಮಾತಾಡುತ್ತಿದ್ದವರು ಬಾಗಿಲು ತೆರೆದದ್ದಕ್ಕೆ ಸುಮ್ಮನಾದಂತೆ. ಹಾಲಿನ ಕ್ಯಾನು, ಪಾತ್ರೆ ತೊಳೆಯಲು ಆ ಕಾಲದಲ್ಲಿ ತಂದಿಟ್ಟ ದ್ರಾವಣಗಳು. ಅದರಲ್ಲಿ ಎರಡು ಜಾತಿ. ಒಂದು ಜಿಡ್ಡು ತೆಗೆಯುವುದು, ಬ್ಲೀಚು ಬೆರೆತದ್ದು. ಇನ್ನೊಂದು ಪಾತ್ರೆಯೊಳಗೆ ಕಲ್ಲಿನಂತೆ ಕಟ್ಟುವ ಹಾಲಿನ ಪೊರೆಯನ್ನು ಕರಗಿಸುವುದು, ಆಸಿಡ್ಡು. ನೀಲಿ ಮುಚ್ಚಳ ಒಂದಕ್ಕೆ, ಕೆಂಪು ಮುಚ್ಚಳ ಇನ್ನೊಂದಕ್ಕೆ. ಆದರೆ ಅತ್ತೆ ಏನನ್ನೂ ಬಿಸಾಡುವವಳಲ್ಲ. ಮುಚ್ಚಳ ಒಡೆದರೆ ಕೈಗೆ ಸಿಕ್ಕಿದ್ದನ್ನು ತಿರುಗಿಸಿ ಇಟ್ಟಿದ್ದಳು. ಚೀಟಿಗಳನ್ನು ತೇವ ತಿಂದಿತ್ತು. ಕೆಲವು ಕ್ಯಾನುಗಳ ಹೊಟ್ಟೆ ಉಬ್ಬಿತ್ತು. ಪಕ್ಕದಲ್ಲಿ ಕಾಸ್ಟಿಕ್ ಸೋಡದ ಚೀಲವೊಂದು ಕಲ್ಲಾಗಿ ಕೂತಿತ್ತು. ಎಲ್ಲಕ್ಕಿಂತ ಮೇಲೆ, ಸುಮಾರು ಕ್ಯಾನುಗಳು ಅರ್ಧಂಬರ್ಧ.

"ಇಷ್ಟೇನಾ? ಮುಂದಿನ ಚರಂಡಿಗೆ ಸುರಿದು ನೀರು ಬಿಟ್ರೆ ಮುಗೀತು" ಎಂದು ಹಾಲಣ್ಣ ತೋಳು ಮಡಚಿದ.

"ಬೇಡ."

"ಶುರುವಾಯ್ತು."

"ಬೇಡ ರೀ. ಆ ಚರಂಡಿ ನೀರು ಕೆರೆಗೆ ಹೋಗುತ್ತೆ. ಹಸು ಕುಡಿಯೋದು ಅದೇ ನೀರು."

ಹಸು ಎಂದದ್ದಕ್ಕೆ ಅವನ ಕೈ ನಿಂತಿತು. ತಲೆ ಕೆರೆದುಕೊಂಡ. "ಹಾಗಾದ್ರೆ ಹಿಂದೆ ಗುಂಡಿ ತೋಡಿ ಹುಗಿದುಬಿಡ್ತೀನಿ."

"ಬಾವಿ ಅಲ್ಲೇ ಇದೆ."

"ಸುಟ್ಟುಬಿಡ್ತೀನಿ."

ಬೇಡಕ್ಕ ಅವನ ಅಂಗಿಯ ತೋಳು ಹಿಡಿದು ಹೊರಗೆ ಎಳೆದಳು. ಒಳಗಿನ ಗಾಳಿ ಆಗಲೇ ಅವನ ಎದೆಗೆ ತಾಗಿ ಕೆಮ್ಮು ಎದ್ದಿತ್ತು.

ಪೇಟೆಯಲ್ಲಿ ಇಂಥ ಅಪಾಯದ ಕಸವನ್ನು ಒಯ್ಯುವ ಒಂದು ಆಫೀಸು ಇದೆಯೆಂದು ಹಾಲಿನ ಲಾರಿಯ ಡ್ರೈವರು ಹೇಳಿದ. ಬೇಡಕ್ಕ ಫೋನು ಮಾಡಿದಳು. ಆ ಕಡೆ ಒಬ್ಬ ಹೆಂಗಸು, ಗಟ್ಟಿ ದನಿ, ಒಂದೊಂದು ಮಾತನ್ನೂ ಎರಡೆರಡು ಸಲ ಹೇಳುವವಳು. "ಮುಚ್ಚಳ ತೆಗೀಬೇಡಿ. ಒಂದಕ್ಕೊಂದು ಸೇರಿಸ್ಬೇಡಿ. ಆಸಿಡ್ಡೂ ಬ್ಲೀಚೂ ಸೇರಿದ್ರೆ ವಿಷದ ಹೊಗೆ ಏಳುತ್ತೆ ಅಕ್ಕ, ಮನುಷ್ಯರನ್ನ ನಿಂತಲ್ಲೇ ಬೀಳಿಸುತ್ತೆ. ಆ ಹೊಗೆ ಭಾರ, ನೆಲಕ್ಕೆ ಇಳಿಯುತ್ತೆ. ಅಕಸ್ಮಾತ್ ಎದ್ರೆ ಬಗ್ಗಬೇಡಿ, ತಗ್ಗಿನ ಕಡೆ ಓಡ್ಬೇಡಿ. ಉಸಿರು ಹಿಡ್ಕೊಂಡು ಎತ್ತರದ ಕಡೆ, ಗಾಳಿ ಬರೋ ಕಡೆ ಹೋಗಿ. ಬೀಗ ಹಾಕಿಡಿ. ಏನಾದ್ರೂ ಸೋರಿದ್ರೆ ಮುಟ್ಟಬೇಡಿ, ನಮಗೆ ಫೋನ್ ಮಾಡಿ. ಶನಿವಾರ ಗಾಡಿ ಬರುತ್ತೆ."

ಜೀವನದಲ್ಲಿ ಮೊದಲ ಸಲ ತನಗಿಂತ ಹೆಚ್ಚು ಸಲ ಬೇಡ ಎನ್ನುವವರೊಬ್ಬರು ಸಿಕ್ಕಿದ್ದರು. ಬೇಡಕ್ಕನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತನ್ನದು ಹುಚ್ಚು ಭಯ ಎಂದು ಲೋಕವೆಲ್ಲ ನಗುತ್ತಿದ್ದಾಗ ಒಂದು ನೆಮ್ಮದಿ ಇತ್ತು, ನಗುವವರೇ ಸರಿಯಿರಬಹುದು ಎಂಬ ನೆಮ್ಮದಿ. ಈಗ ತಿಳಿದವರೇ ಹೌದು ಹೆದರಬೇಕು ಎಂದ ಮೇಲೆ ಆ ಆಸರೆಯೂ ತಪ್ಪಿತು.

ಶನಿವಾರದವರೆಗಿನ ದಿನಗಳು ಅವಳ ಜೀವ ಹಿಂಡಿದವು. ಕೋಣೆಗೆ ಹೊಸ ಬೀಗ ಜಡಿದಳು. ಕೀಲಿಯನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟಳು, ಅಲ್ಲಿ ಬೇಡವೆನಿಸಿ ದಿಂಬಿನ ಚೀಲಕ್ಕೆ ಹಾಕಿದಳು, ಅದೂ ಸಾಲದೆ ಕೊನೆಗೆ ದಾರಕ್ಕೆ ಪೋಣಿಸಿ ಕೊರಳಿಗೇ ಕಟ್ಟಿಕೊಂಡಳು. ಹಾಲಣ್ಣ ಊಟಕ್ಕೆ ಕೂತಾಗಲೆಲ್ಲ ಆ ದಾರ ನೋಡಿ "ಬಂಗಾರದ ಸರ ಮಾಡಿಸಿಕೊಟ್ಟಿದ್ರೂ ನೀನು ಇಷ್ಟು ಜೋಪಾನ ಮಾಡ್ತಿರಲಿಲ್ಲ" ಎಂದು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ.

ಗುರುವಾರ ಅವನಿಗೆ ಇನ್ನೊಂದು ಉಪಾಯ ಹೊಳೆಯಿತು. ಹಾಲು ಕರೆದು ಮುಗಿಸಿ ಕೈ ತೊಳೆಯುತ್ತ, ಯೋಚಿಸಿದವನಂತೆ ಅಂದ: "ಅಲ್ಲ, ಆ ಅರ್ಧರ್ಧ ಇರೋವನ್ನೆಲ್ಲ ಸೇರಿಸಿ ನಾಲ್ಕೈದು ತುಂಬಿದ ಕ್ಯಾನು ಮಾಡಿಟ್ರೆ ಅವರಿಗೂ ಹೊರೋದು ಸುಲಭ ಅಲ್ವಾ? ಕೀಲಿ ಕೊಡು, ಒಂದು ಗಳಿಗೆ ಕೆಲಸ."

"ಅದನ್ನೇ ಮಾಡ್ಬೇಡಿ ಅಂದಿದ್ದಾರೆ! ವಿಷದ ಹೊಗೆ ಬರುತ್ತಂತೆ!"

"ಆಫೀಸಲ್ಲಿ ಕೂತೋರು ಹಾಗೇ ಹೇಳೋದು. ಕೆಂಪಿಗೆ ಕೆಂಪು, ನೀಲಿಗೆ ನೀಲಿ ಸೇರಿಸಿದ್ರೆ ಏನಾಗುತ್ತೆ?"

"ಮುಚ್ಚಳ ಹಾಕಿದ್ದು ನಿಮ್ಮಮ್ಮ. ಯಾವುದಕ್ಕೆ ಯಾವುದು ಹಾಕಿದ್ದಾರೋ ಯಾರಿಗೆ ಗೊತ್ತು? ನಿಮ್ಮ ಕೈ ನನಗೆ ಗೊತ್ತು ರೀ, ಎರಡು ಅರ್ಧ ಕ್ಯಾನು ಕಂಡ್ರೆ ಸುಮ್ನಿರಲ್ಲ. ನಿಮ್ಮ ದಮ್ಮಯ್ಯ ಅಂತೀನಿ, ಆ ಕಡೆ ಹೋಗ್ಬೇಡಿ."

ಅವನು ಕೈ ಒರೆಸಿಕೊಂಡು, ಆಯಿತು ಮಾರಾಯ್ತಿ ಎಂದು ಹೋದ. ಆದರೆ ಹುಲಿ ಬಂತು ಹುಲಿ ಎಂದು ಕೂಗಿ ಕೂಗಿ ಕೊನೆಗೆ ಯಾರೂ ಬಾರದೆ ಹೋದ ಹುಡುಗನ ಗತಿ ತನ್ನದೂ ಎಂದು ಅವಳಿಗೆ ಗೊತ್ತಿತ್ತು. ಕೋಳಿಗೂ ಬೇಡ, ಏಣಿಗೂ ಬೇಡ, ತಣ್ಣೀರಿಗೂ ಬೇಡ ಎಂದು ಆ ಮಾತನ್ನು ಸವೆಸಿದ್ದಳು. ಈಗ ಬೇಕಾದಾಗ ಅದರಲ್ಲಿ ಅಚ್ಚು ಉಳಿದಿರಲಿಲ್ಲ. ಶುಕ್ರವಾರ ಅವನು ಎಲ್ಲಿ ಹೋದರೂ ಏನೋ ನೆಪ ತೆಗೆದು ಹಿಂದೆ ನಡೆದಳು. ಇಬ್ಬರೂ ಒಬ್ಬರಿಗೊಬ್ಬರು ಕಟ್ಟಿದ ಹಸುಗಳಂತೆ ಇಡೀ ಫಾರ್ಮು ಸುತ್ತಿದರು.

ಶನಿವಾರ ಬೆಳಿಗ್ಗೆ ಹಾಲಣ್ಣ ಮೇಲಿನ ಗೇಟಿನಲ್ಲಿ ಲಾರಿಗೆ ಹಾಲು ಏರಿಸುತ್ತಿದ್ದ. ಗಾಡಿ ಬರುವುದಕ್ಕೆ ಇನ್ನೂ ಹೊತ್ತಿತ್ತು. ಬೇಡಕ್ಕ ಎಲ್ಲ ಸರಿಯಿದೆಯೇ ಎಂದು ಹೊರಗಿನಿಂದಲೇ ನೋಡಿ ಬರಲು ಕೆಳಗೆ ಇಳಿದಳು. ಬಾಗಿಲಿನ ಅಡಿಯಿಂದ ಒಂದು ಒದ್ದೆ ಗೆರೆ ಹೊರಗೆ ಹರಿದು ಚರಂಡಿಯ ಅಂಚಿಗೆ ಬಂದಿತ್ತು.

ಸೋರಿದರೆ ಮುಟ್ಟಬೇಡಿ, ಫೋನು ಮಾಡಿ ಎಂದಿದ್ದಳು ಆ ಹೆಂಗಸು. ಫೋನು ಇದ್ದದ್ದು ಮೇಲೆ, ಹೊಸ ಹಾಲುಕೋಣೆಯಲ್ಲಿ. ಅಲ್ಲಿ ಹೋಗಿ ಮಾತಾಡಿದರೆ ಗಂಡನ ಕಿವಿಗೆ ಬೀಳುತ್ತದೆ. ಸೋರುತ್ತಿದೆ ಎಂದು ಕೇಳಿದ ಮೇಲೆ, ಚರಂಡಿಗೆ ಇಳಿದರೆ ಹಸು ಕುಡಿಯುವ ನೀರು ಎಂದು ನೆನಪಾದ ಮೇಲೆ, ಅವನು ನಿಲ್ಲುವನೇ? ಬಾಗಿಲು ಮುರಿದಾದರೂ ಒಳನುಗ್ಗುತ್ತಾನೆ. ಭಯಕ್ಕೂ ಅದರದೇ ಲೆಕ್ಕಾಚಾರ ಇರುತ್ತದೆ, ಮತ್ತು ಅದು ಯಾವಾಗಲೂ ಸರಿ ಬರುವುದಿಲ್ಲ. ಅವನು ಬರುವ ಮೊದಲು ತಾನೇ ಆ ಸೋರುವ ಕ್ಯಾನನ್ನು ಒಂದು ಟಬ್ಬಿನಲ್ಲಿ ಇಟ್ಟುಬಿಡುತ್ತೇನೆ ಎಂದುಕೊಂಡಳು. ರಬ್ಬರ್ ಕೈಗವಸು ಹಾಕಿಕೊಂಡು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ಟಬ್ಬು ಹಿಡಿದು ಒಳಗೆ ಹೋದಳು. ತೆರೆದ ಬಾಗಿಲು ಮೇಲಿನ ಗೇಟಿಗೆ ಕಾಣುತ್ತದೆಂದು ಅದನ್ನು ಹಿಂದಿನಿಂದ ಎಳೆದುಕೊಂಡಳು. ಸಣ್ಣ ಕಿಟಕಿಯ ಬೆಳಕು ಮಾತ್ರ ಉಳಿಯಿತು.

ಸೋರುತ್ತಿದ್ದದ್ದು ನೀಲಿ ಮುಚ್ಚಳದ ಅರ್ಧ ಕ್ಯಾನು. ತಳದಲ್ಲಿ ಬಿರುಕು. ಎತ್ತಿದಳು. ಎತ್ತುತ್ತಿದ್ದಂತೆ ಬಿರುಕು ಬಾಯಿಬಿಟ್ಟು ದ್ರಾವಣ ಪಾದದ ಮೇಲೆ ಸುರಿಯತೊಡಗಿತು. ತಂದ ಟಬ್ಬು ಬಾಗಿಲ ಬಳಿ. ಮುಂದೆಯೇ ಇನ್ನೊಂದು ನೀಲಿ ಮುಚ್ಚಳದ ಅರ್ಧ ಕ್ಯಾನು, ಗಟ್ಟಿಮುಟ್ಟಾದದ್ದು. ಆ ಹೊತ್ತಿಗೆ ಅವಳ ಮನಸ್ಸಿನಲ್ಲಿ ಇದ್ದದ್ದು ಗಂಡ ಒಬ್ಬನೇ, ಅವನು ಬಂದರೆ ಎಂಬುದೊಂದೇ. ಕೈಯನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಇದರ ಮುಚ್ಚಳ ತಿರುಗಿಸಿತು, ಅದರ ಮುಚ್ಚಳ ತಿರುಗಿಸಿತು, ಒಂದನ್ನು ಇನ್ನೊಂದಕ್ಕೆ ಓರೆ ಮಾಡಿ, ಬಾಯಿಯಿಂದ ಒಂದು ತೊಟ್ಟೂ ಚೆಲ್ಲದಂತೆ, ಅತ್ತೆ ಕಲಿಸಿದ ಹಾಗೆ ಸುರಿಯಿತು.

ಸುಯ್ಯೆಂಬ ಸದ್ದು ಕೇಳಿದ ಮೇಲೆಯೇ ಅವಳಿಗೆ ತಾನೇನು ಮಾಡಿದೆನೆಂದು ತಿಳಿದದ್ದು.

ಹಳದಿಯೂ ಅಲ್ಲ, ಹಸಿರೂ ಅಲ್ಲ, ಅಂಥ ಒಂದು ಹೊಗೆ ಕ್ಯಾನಿನ ಬಾಯಿಯಿಂದ ಉಕ್ಕಿ ಕೆಳಗೆ ಇಳಿಯಿತು. ಕಣ್ಣಿಗೆ ಮೆಣಸಿನ ಪುಡಿ ಎರಚಿದ ಹಾಗಾಯಿತು. ಕೈಯಲ್ಲಿದ್ದ ಕ್ಯಾನು ಬಿದ್ದು, ಅದು ಪಕ್ಕದ ಖಾಲಿ ಹಾಲಿನ ಕ್ಯಾನಿಗೆ ತಗುಲಿ ಅದೂ ಉರುಳಿ ಇಡೀ ಕೋಣೆ ಗಡಗಡ ಎಂದಿತು. ಅವಳು ಉಸಿರು ಬಿಗಿಹಿಡಿದಳು. ಕಣ್ಣು ತೆರೆಯಲಾಗಲಿಲ್ಲ. ಬಗ್ಗಬೇಡಿ ಎಂದಿದ್ದು ನೆನಪಿತ್ತು, ನೆಟ್ಟಗೆ ನಿಂತು ಕೈ ಚಾಚಿ ಗೋಡೆ ಹುಡುಕಿದಳು. ಗೋಡೆ ಸಿಕ್ಕಿತು. ಬಾಗಿಲು ಎಡಕ್ಕೋ ಬಲಕ್ಕೋ?

"ಏ, ಏನೇ ಅದು ಸದ್ದು?"

ಗಂಡನ ದನಿ. ಇಳಿಜಾರಿನಲ್ಲಿ ಅವನ ಚಪ್ಪಲಿ ಪಟಪಟ ಎನ್ನುತ್ತಿತ್ತು. ಅವನು ಬರುತ್ತಿದ್ದ. ಬಂದು ಬಾಗಿಲು ತೆಗೆಯುತ್ತಾನೆ. ಹೆಂಡತಿ ಒಳಗೆ ಇದ್ದಾಳೆಂದು ಕಂಡರೆ ಒಳಗೆ ನುಗ್ಗುತ್ತಾನೆ. ಆ ತೇಪೆಯ ಎದೆಗೆ ಈ ಹೊಗೆ ಒಂದು ಸಲ ಹೋದರೆ ಸಾಕು. ತನ್ನ ಸಾವಿನ ಯೋಚನೆ ಆಗ ಅವಳಿಗೆ ಬರಲೇ ಇಲ್ಲ, ನಂಬಿದರೆ ನಂಬಿ ಬಿಟ್ಟರೆ ಬಿಡಿ. ನಾಲಿಗೆಯ ತುದಿಗೆ ಬಂದದ್ದು ಅವಳ ಜನ್ಮದ ಮಾತೇ, ಬೇಡ, ಬರಬೇಡಿ. ಹೇಳಿದರೆ ಏನಾಗುತ್ತದೆಂದೂ ಅದೇ ಕ್ಷಣ ಗೊತ್ತಾಯಿತು. ಅವನು ಇನ್ನೂ ಬೇಗ ಓಡಿಬರುತ್ತಾನೆ.

ಅವಳ ಎದೆಯಲ್ಲಿ ಇದ್ದದ್ದು ಹಿಡಿದಿಟ್ಟುಕೊಂಡ ಒಂದೇ ಒಂದು ಉಸಿರು, ಬಾಗಿಲವರೆಗೆ ಸಾಗಲು. ಕೂಗಿದರೆ ಅದು ಖರ್ಚಾಗುತ್ತದೆ. ಆಮೇಲೆ ಎಳೆದುಕೊಳ್ಳಲು ಅಲ್ಲಿ ಇದ್ದದ್ದು ಆ ಹೊಗೆ ಮಾತ್ರ. ಕೋಳಿಗೆ ಹೆದರಿದವಳು, ಕಡ್ಡಿಪೆಟ್ಟಿಗೆಗೆ ಹೆದರಿದವಳು, ಮೂಗಿನ ಬಟ್ಟೆ ಕಿತ್ತು ಬಾಯಿ ತೆರೆದಳು.

"ಕೆಂಪಿ ಹಗ್ಗ ಕಿತ್ಕೊಂಡಿದೆ ರೀ! ಮೇಲಿನ ಗೇಟಿಂದ ರಸ್ತೆಗೆ ಓಡ್ತಿದೆ! ಲಾರಿಗೆ ಸಿಕ್ಕುತ್ತೆ, ಓಡಿ!"

ಚಪ್ಪಲಿಯ ಸದ್ದು ನಿಂತಿತು. ಅಯ್ಯೋ ಎಂಬ ಒಂದು ಉದ್ಗಾರ. ಆಮೇಲೆ ಅದೇ ಸದ್ದು ದಡಬಡ ಮೇಲಕ್ಕೆ, ಗಾಳಿ ಬರುವ ಕಡೆಗೆ, ದೂರ ದೂರ ಓಡಿತು. ಅವಳು ಕಿವಿಗೊಟ್ಟು ಅದು ಕೇಳದಾಗುವವರೆಗೆ ಕೇಳಿದಳು. ಆಮೇಲೆ ತಡೆಯಲಾಗಲಿಲ್ಲ, ಉಸಿರು ಎಳೆದಳು. ಕೆಂಡ ನುಂಗಿದಂತಾಯಿತು.

ಹೇಗೆ ಹೊರಗೆ ಬಂದಳೋ ಅವಳಿಗೇ ಸರಿಯಾಗಿ ನೆನಪಿಲ್ಲ. ಗೋಡೆ ಸವರುತ್ತ ಹೋದಾಗ ಕಾಲಿಗೆ ಟಬ್ಬು ತಗುಲಿತು, ಟಬ್ಬು ಇಟ್ಟದ್ದು ಬಾಗಿಲ ಬಳಿ ಎಂದು ಹೊಳೆಯಿತು, ಬಾಗಿಲು ತಳ್ಳಿದಳು. ಬೆಳಕಿಗೆ ಬಿದ್ದು, ಕೆಮ್ಮುತ್ತ, ಕಣ್ಣು ಮುಚ್ಚಿಕೊಂಡೇ ಏರು ಹತ್ತಿದಳು. ಹಸುಗಳು ನೀರು ಕುಡಿಯುವ ತೊಟ್ಟಿ ಸಿಕ್ಕಿದಾಗ ಮುಖವನ್ನೇ ಅದರಲ್ಲಿ ಅದ್ದಿದಳು.

ಹಾಲಣ್ಣ ಏದುಸಿರು ಬಿಡುತ್ತ ಬಂದ, ಬೈಗುಳವನ್ನು ದಾರಿಯಿಂದಲೇ ಶುರುಮಾಡಿಕೊಂಡು. "ಏನೇ ಇದು ತಮಾಷೆ? ಕೆಂಪಿ ಕಟ್ಟಿದಲ್ಲೇ ಮಲಗಿದೆ, ಮೆಲುಕು ಹಾಕ್ತಾ ನನ್ನ ಮುಖ ನೋಡ್ತಿದೆ! ಲಾರಿ ಡ್ರೈವರು ಹೊಟ್ಟೆ ಹಿಡ್ಕೊಂಡು ನಗ್ತಾನೆ! ನಿನಗೇನು ತಲೆ..." ಆಗ ಅವನಿಗೆ ಅವಳ ಮುಖ ಕಂಡಿತು. ಆಮೇಲೆ ಕೆಳಗೆ, ತೆರೆದ ಬಾಗಿಲಿನಿಂದ ನೆಲಕ್ಕಂಟಿ ಹರಿದು ಚರಂಡಿಯ ಕಡೆ ಇಳಿಯುತ್ತಿದ್ದ ಹಳದಿ ಹೊಗೆ ಕಂಡಿತು. "ಬಾಗಿಲಾದ್ರೂ ಹಾಕಿ ಬರ್ತೀನಿ ಇರು" ಎಂದು ಹೊರಟವನ ಅಂಗಿಯನ್ನು ಅವಳು ಎರಡು ಮುಷ್ಟಿಯಲ್ಲೂ ಹಿಡಿದಳು. ಮಾತು ಹೊರಡಲಿಲ್ಲ. ಗುಂಡಿಗಳು ಕಿತ್ತು ಬಂದವು, ಬಿಡಲಿಲ್ಲ. ಲಾರಿಯ ಡ್ರೈವರು ಪೇಟೆಯ ಆ ಆಫೀಸಿಗೆ ಫೋನು ಮಾಡಿದ. ಗಾಡಿ ಬಂದಾಗಲೂ ಅವಳು ಹಾಗೇ ಹಿಡಿದುಕೊಂಡಿದ್ದಳು, ಬಂದವರು ಬೆರಳು ಬಿಡಿಸಬೇಕಾಯಿತು.

ಆಸ್ಪತ್ರೆಯಲ್ಲಿ ಅವಳ ಮೂಗಿಗೆ ಕೊಳವೆ ಹಾಕಿ ಮಲಗಿಸಿದರು. ಗಂಟಲು ಸುಟ್ಟಿದೆ, ದನಿ ಬರಬಹುದು, ಮೊದಲಿನಂತೆ ಬರಲಿಕ್ಕಿಲ್ಲ, ಜೀವಕ್ಕೆ ಭಯವಿಲ್ಲ ಎಂದರು ಅದೇ ಡಾಕ್ಟರು. ಹಾಲಣ್ಣನ ಎದೆಗೂ ಸ್ಟೆತೊಸ್ಕೋಪು ಇಟ್ಟು ಕೇಳಿದರು. ಕೇಳಿ ಮುಗಿಸಿ, ಏನಾಯಿತೆಂದು ಅವನಿಂದಲೇ ತಿಳಿದುಕೊಂಡರು. "ನೀವು ಒಳಗೆ ಹೋಗಿದ್ರೆ ನಾನು ಈಗ ನಿಮ್ಮ ಜೊತೆ ಮಾತಾಡ್ತಿರಲಿಲ್ಲ" ಎಂದರು.

ಅವನು ಹಾಸಿಗೆಯ ಪಕ್ಕ ಬಂದು ಕೂತ. ಗುಂಡಿಯಿಲ್ಲದ ಅಂಗಿಯನ್ನು ಕೈಯಲ್ಲಿ ಮುಚ್ಚಿಕೊಂಡಿದ್ದ. ತನಗೆ ತಾನೇ ಹೇಳಿಕೊಂಡಂತೆ ಅಂದ: "ಬೇಡ ಅಂದಿದ್ರೆ ನಾನು ನಿಲ್ತಿರಲಿಲ್ಲ. ಅದು ನಿನಗೆ ಗೊತ್ತಿತ್ತು. ಹಸು ಅಂದ್ರೆ ಓಡ್ತೀನಿ, ಹೆಂಡತಿ ಬೇಡ ಅಂದ್ರೆ ನಿಲ್ಲಲ್ಲ. ಎಂಥ ಗಂಡಸು ನಾನು?" ಅಂಗಿಯ ಅಂಚಿನಿಂದ ಕಣ್ಣು ಒರೆಸಿಕೊಂಡ. ಬೇಡಕ್ಕನಿಗೆ ಅಳು ಬಂತು, ಆದರೆ ಅವಳು ನೋಡುತ್ತಿದ್ದದ್ದು ಅವನ ಕಣ್ಣೀರನ್ನಲ್ಲ, ಬಿಕ್ಕುವಾಗ ಅವನ ಎದೆ ಹೇಗೆ ಏರಿಳಿಯುತ್ತದೆ ಎಂದು. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ.

ಹೊಗೆ ಆರಿ, ಕೋಣೆಯ ಗಾಳಿ ತಿಳಿಯಾದ ಮೇಲೆ ಗಾಡಿಯವರು ಮತ್ತೆ ಬಂದರು. ಆ ಹೊತ್ತಿಗೆ ಬೇಡಕ್ಕ ಮನೆಗೆ ಬಂದಿದ್ದಳು. ಫೋನಿನಲ್ಲಿ ಮಾತಾಡಿದ್ದ ಹೆಂಗಸೇ ಮುಂದೆ ನಿಂತು ಕೆಲಸ ಮಾಡಿಸಿದಳು. ಎದುರು ನೋಡಿದರೆ ದನಿಗೆ ಹೋಲಿಸಿದಾಗ ತೀರ ಪುಟ್ಟ ಆಳು. ಅಡಿಯಿಂದ ಮುಡಿಯವರೆಗೆ ಮುಚ್ಚುವ ಉಡುಪು ತೊಟ್ಟವರು ಒಂದೊಂದೇ ಕ್ಯಾನನ್ನು ಮಗುವನ್ನು ಎತ್ತುವಂತೆ ಎತ್ತಿ, ಒಂದೊಂದನ್ನೂ ಬೇರೆ ಬೇರೆ ಡ್ರಮ್ಮಿನಲ್ಲಿ ಇಟ್ಟು ಸುತ್ತ ಹೀರುವ ಪುಡಿ ತುಂಬಿದರು. ತೊಟ್ಟು ತೆಗೆದು ಬಣ್ಣ ತಿರುಗುವ ಕಾಗದಕ್ಕೆ ಮುಟ್ಟಿಸಿ, ಆಸಿಡ್ಡಿನವನ್ನು ಗಾಡಿಯ ಈ ತುದಿಗೆ, ಬ್ಲೀಚಿನವನ್ನು ಆ ತುದಿಗೆ ಸೇರಿಸಿದರು. ಕಲ್ಲಾದ ಸೋಡ ಒಣ ಡಬ್ಬಿಗೆ ಹೋಯಿತು. ಚರಂಡಿಯ ಅಂಚಿನ ಮಣ್ಣನ್ನೂ ಕೆರೆದು ಚೀಲಕ್ಕೆ ತುಂಬಿದರು.

"ನಿಮಗೆ ಭಯ ಆಗಲ್ವಾ?" ಎಂದು ಹಾಲಣ್ಣ ಕೇಳಿದ.

"ಆಗದೆ ಏನಣ್ಣ? ಭಯ ಹೋದೋರನ್ನ ನಾವು ಈ ಕೆಲಸದಿಂದ ತೆಗೆದುಬಿಡ್ತೀವಿ" ಎಂದಳು ಆ ಹೆಂಗಸು. ಬೇಡಕ್ಕನ ಕಡೆ ತಿರುಗಿ, "ಆದ್ರೆ ಅಕ್ಕ, ನಿಮ್ಮನ್ನ ಮಾತ್ರ ಚೆನ್ನಾಗಿ ಬೈಬೇಕು ಅಂತ ಬಂದಿದ್ದೆ. ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಿದ್ದೆ?" ಎಂದಳು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬಂತಾಗಿತ್ತು ಬೇಡಕ್ಕನ ಪಾಡು. ತಲೆ ತಗ್ಗಿಸಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಗಂಡನ ಕೈಗೆ ಹೆದರಿ ಕೊರಳಿಗೆ ಕೀಲಿ ಕಟ್ಟಿಕೊಂಡವಳಿಗೆ ಈಗ ತನ್ನ ಕೈಯ ಮೇಲೂ ನಂಬಿಕೆ ಉಳಿದಿರಲಿಲ್ಲ.

ಗಾಡಿ ಹೋಯಿತು. ನೆಲವನ್ನು ಅವರೇ ತೊಳೆದು, ಇನ್ನು ಒಳಗೆ ಹೋಗಬಹುದು ಎಂದು ಹೇಳಿ ಹೋಗಿದ್ದರು. ಬೇಡಕ್ಕ ಹೊಸ್ತಿಲು ದಾಟಿ ಮೂಲೆಮೂಲೆ ನೋಡಿದಳು. ಬರಿಯ ಗೋಡೆ, ಬರಿಯ ನೆಲ, ಕಿಟಕಿಯ ಬೆಳಕು. ಹಿಂದೆ ಗಂಡ ಬರುವ ಸದ್ದು ಕೇಳಿಸಿತು, ಯಾವತ್ತಿನಂತೆ ನುಗ್ಗಿ ಒಳಬರುತ್ತಾನೆಂದುಕೊಂಡಳು. ಹೆಜ್ಜೆ ಹೊಸ್ತಿಲಿನ ಆಚೆ ನಿಂತಿತು.

"ಬರ್ಲಾ?" ಎಂದ ಹಾಲಣ್ಣ.

ಮದುವೆಯಾದ ಮೇಲೆ ಅವನು ಅವಳನ್ನು ಹೀಗೆ ಕೇಳಿದ್ದು ಅದೇ ಮೊದಲು. ಅವಳು ತಿರುಗಿ ನೋಡಿದಳು. ತಮಾಷೆಯಲ್ಲ, ಅವನು ನಿಜವಾಗಿ ಕೇಳುತ್ತಿದ್ದ. ಬೇಡವೆಂದರೆ ಅಲ್ಲೇ ನಿಲ್ಲುವವನಿದ್ದ, ಬನ್ನಿ ಎಂದರೆ ಬರುವವನಿದ್ದ. ಬೇಡಕ್ಕನಿಗೆ ಒಂದು ಹೊಸ ಭಯ ಹುಟ್ಟಿತು. ಇಷ್ಟು ಕಾಲ ಅವಳು ಏನೇ ಅಂದರೂ ನಡೆಯುತ್ತಿರಲಿಲ್ಲ, ಹಾಗಾಗಿ ಏನು ಬೇಕಾದರೂ ಅನ್ನಬಹುದಿತ್ತು. ಈಗ ಅವಳ ಒಂದು ಮಾತಿನ ಮೇಲೆ ಅವನ ಎದೆ, ಅವನ ಉಸಿರು ನಿಂತಿತ್ತು. ಅವಳು ಮೂಗು ಅರಳಿಸಿ ಗಾಳಿ ಮೂಸಿದಳು. ಮೂಲೆಗೆ ಹೋಗಿ ನಿಂತು ಮೂಸಿದಳು, ಕಿಟಕಿಯ ಬಳಿ ಮೂಸಿದಳು, ಏನೂ ಇರಲಿಲ್ಲ, ಆದರೂ ಮತ್ತೊಮ್ಮೆ ಮೂಸಿದಳು. ಹಾಲಣ್ಣ ಹೊಸ್ತಿಲಿನ ಆಚೆ ಕಾಯುತ್ತಿದ್ದ.